ಸ್ಲೇಟು ನೋಡಲು ಇಂಗ್ಲೆಂಡಿಗೆ ಹೋಗಿದ್ದು

ಹೊರಡುವ ಮುಂಚೆ, ವಿಜಯನಗರ

ಸ್ಲೇಟು ನೋಡುವುದಕ್ಕೆ ಯಾರಾದರೂ ಹತ್ತು ಗಂಟೆ ವಿಮಾನದಲ್ಲಿ ಕೂರುತ್ತಾರೆಯೇ? ನಾನು ಕೂತೆ. ಮಂಡಿನೋವಿನ ಮಾತ್ರೆ, ಅರ್ಧ ಕೆಜಿ ಚಟ್ನಿಪುಡಿ, ತಂಗಿಯ ಮಗಳು ಬಲವಂತವಾಗಿ ತುರುಕಿದ ಉಣ್ಣೆಯ ಟೋಪಿ, ಇಷ್ಟನ್ನು ಕಟ್ಟಿಕೊಂಡು, ಐವತ್ತಮೂರನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿಗೆ ಹೋದೆ. ಅಲ್ಲಿ ಮಕ್ಕಳು ಸ್ಲೇಟಿನ ಮೇಲೆ ಉತ್ತರ ಬರೆದು ಎತ್ತಿ ಹಿಡಿಯುವುದನ್ನು ನೋಡಿ ವಾಪಸು ಬಂದೆ. ಸ್ಲೇಟಿನ ಬಣ್ಣ ಬಿಳಿ, ಅದೊಂದೇ ವ್ಯತ್ಯಾಸ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಹೊಸಹಳ್ಳಿ ಮೆಟ್ರೋ ಇಳಿದು ಹತ್ತು ನಿಮಿಷ ನಡೆದರೆ ಸಿಗುತ್ತದೆ. ಗೇಟಿನ ಮೇಲೆ ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋ ಇರುವ ದೊಡ್ಡ ಫ್ಲೆಕ್ಸು, ಅದರ ಕೆಳಗೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಸಾಲು. ಇಪ್ಪತ್ತೇಳು ವರ್ಷದಿಂದ ನಾನು ಅಲ್ಲಿ ಗಣಿತದ ಟೀಚರು. ಮಕ್ಕಳಿಗೆ ಗಿರಿಜಾ ಮಿಸ್.

ಮೂರು ವರ್ಷದ ಹಿಂದಿನ ತನಕ ನನ್ನ ಆರನೇ ತರಗತಿಯ ಬೀರುವಿನಲ್ಲಿ ನಲವತ್ತು ಸ್ಲೇಟುಗಳಿದ್ದವು. ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಒಡಕು ಬಿರುಕು ನೋಡಿ ನಾನೇ ಆರಿಸಿ ತಂದವು. ಒಂದು ಲೆಕ್ಕ ಕೊಟ್ಟು, ಎರಡು ನಿಮಿಷ ಬಿಟ್ಟು ‘ಎತ್ತಿ’ ಎಂದರೆ ನಲವತ್ತೂ ಒಟ್ಟಿಗೆ ಮೇಲೇಳುತ್ತಿದ್ದವು. ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ಗೋಡೆಗೆ ಸ್ಮಾರ್ಟ್ ಬೋರ್ಡು ಬಂತು. ಅದರ ಉದ್ಘಾಟನೆಗೆ ಬಂದ ಛೇರ್ಮನ್ನರ ಶ್ರೀಮತಿಯವರು ಸುಮ್ಮನಿರಲಾರದೆ ಬೀರು ತೆಗೆದು ನೋಡಿದರು.

“ಏನ್ ಮಿಸ್ ಇದು, ಸ್ಲೇಟಾ? ಪೇರೆಂಟ್ಸ್ ನೋಡಿದ್ರೆ ಏನಂದ್ಕೊಳ್ಳಲ್ಲ? ಮೊದ್ಲು ಇದನ್ನ ಖಾಲಿ ಮಾಡ್ಸಿ.”

ಮರುದಿನ ಹಳೇ ಪೇಪರಿನವನ ಗಾಡಿಯಲ್ಲಿ ನನ್ನ ಸ್ಲೇಟುಗಳು ಹೋದವು. ಸ್ಮಾರ್ಟ್ ಬೋರ್ಡು ಎರಡನೇ ವರ್ಷಕ್ಕೇ ಕೆಟ್ಟು ಕೂತಿತು. ಈಗ ಅದರ ಮೇಲೆ ವೇಳಾಪಟ್ಟಿ ಅಂಟಿಸಿದ್ದೇವೆ.

ಇಂಥ ಶಾಲೆಯವರು ಈ ವರ್ಷ ಇದ್ದಕ್ಕಿದ್ದಂತೆ, ಇಂಗ್ಲೆಂಡಿನ ಒಂದು ಶಾಲೆಯ ಜೊತೆ ನಂಟು ಬೆಳೆಸಿದ್ದೇವೆ, ಇಬ್ಬರು ಅಲ್ಲಿಗೆ ಹೋಗಿ ಒಂದು ವಾರ ಪಾಠ ನೋಡಿ ಬನ್ನಿ ಎಂದರು. ಒಬ್ಬಳು ನಾನು. ಇನ್ನೊಬ್ಬರು ನಮ್ಮ ಅಕಾಡೆಮಿಕ್ ಕೋಆರ್ಡಿನೇಟರ್ ಹರೀಶ್ ಸಾರ್. ಮೂವತ್ತರ ಆಸುಪಾಸಿನ ಹುಡುಗ. ಒಂದು ದಿನವೂ ಪಾಠ ಮಾಡಿದವರಲ್ಲ, ಪಾಠ ಹೇಗೆ ಮಾಡಬೇಕೆಂದು ನಮಗೆಲ್ಲ ತಿಂಗಳಿಗೊಮ್ಮೆ ಸ್ಲೈಡು ತೋರಿಸುತ್ತಾರೆ.

ಹೊರಡುವ ದಿನ ಹೆಡ್‌ಮಾಸ್ಟರು ಕರೆದು ಒಂದು ಹಾಳೆ ಮುಂದಿಟ್ಟರು. ಇದು ನಮ್ಮಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಕೆಲಸ. ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳ ಪಟ್ಟಿ ಮಾಡಿ, ಟಿ.ಸಿ. ತೆಗೆದುಕೊಂಡು ಬೇರೆ ಕಡೆ ಸೇರಿಸಿ, ಇಲ್ಲವೇ ಹೊರಗಿನಿಂದ ಪರೀಕ್ಷೆ ಕಟ್ಟಿಸಿ ಎಂದು ತಂದೆತಾಯಿಗೆ ಮೆತ್ತಗೆ ಹೇಳುವುದು. ಗೇಟಿನ ಮೇಲಿನ ನೂರು ನೂರಾಗಿಯೇ ಉಳಿಯುವುದು ಹೀಗೆ. ಈ ಸಲ ನಾಲ್ಕು ಹೆಸರಿತ್ತು, ನಾಲ್ವರೂ ಗಣಿತದಲ್ಲೇ ಹಿಂದೆ. ‘ಕಾರಣ’ ಎಂಬ ಕಾಲಮ್ಮಿನಲ್ಲಿ ನಾನು ನಾಲ್ವರಿಗೂ ‘ಬುನಾದಿ ಇಲ್ಲ’ ಎಂದು ಬರೆದೆ.

“ಬಂದ್ಮೇಲೆ ಒಂದ್ಸಲ ನೋಡಿ ಸೈನ್ ಹಾಕ್ಬಿಡಿ ಮಿಸ್. ನೀವು ಬರೋ ಸೋಮವಾರಕ್ಕೇ ಪೇರೆಂಟ್ಸ್‌ನ ಕರೆಸ್ತೀನಿ,” ಎಂದರು.

ಮೂರನೆಯ ಹೆಸರು ರೇಣುಕಾ. ಸುರಪುರದ ಕಡೆಯವಳು, ಅಪ್ಪ ಕೆಂಗೇರಿ ಉಪನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಆರನೇ ತರಗತಿಗೆ ಬಂದು ಸೇರಿದಾಗಿನಿಂದ ನನ್ನ ಕೈಯಲ್ಲೇ ಇರುವ ಹುಡುಗಿ. ಹೆಸರು ಓದಿದಾಗ ಮನಸ್ಸು ಒಂದಿಷ್ಟು ಹಿಂಜರಿಯಿತು. ಟ್ಯಾಕ್ಸಿ ಬಂದು ಹಾರನ್ ಹೊಡೆಯುತ್ತಿತ್ತು, ಹೋಗಿ ಹತ್ತಿದೆ.

ಎರಡು ನಲ್ಲಿಯ ಮನೆ

ಲಂಡನ್ನಿನಲ್ಲಿ ಇಳಿದು, ರೈಲು ಹಿಡಿದು, ಆ ಊರು ಸೇರುವ ಹೊತ್ತಿಗೆ ನನ್ನ ಕಾಲು ಎರಡು ಕಂಬಗಳಾಗಿದ್ದವು. ಹರೀಶ್ ಸಾರ್‌ಗೆ ಶಾಲೆಯ ಪಕ್ಕದ ಹೋಟೆಲು. ನನಗೆ ಮಾರ್ಗರೆಟ್ ಎಂಬ ಎಪ್ಪತ್ತರ ಅಜ್ಜಿಯ ಮನೆಯ ಮಹಡಿ ಕೋಣೆ.

ಆ ಮನೆಯ ಕೈತೊಳೆಯುವ ಬೇಸಿನ್ನಿನಲ್ಲಿ ಎರಡು ನಲ್ಲಿ, ಒಂದು ಆ ತುದಿಗೆ, ಒಂದು ಈ ತುದಿಗೆ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜಿನಂಥ ನೀರು. ಅರ್ಧ ಜಗತ್ತನ್ನು ಆಳಿದವರಿಗೆ ಎರಡನ್ನೂ ಸೇರಿಸಿ ಒಂದು ನಲ್ಲಿ ಮಾಡಲು ತೋಚಲಿಲ್ಲವಲ್ಲ. ಮೊದಲ ಸಂಜೆಯೇ ಬೆರಳು ಸುಟ್ಟುಕೊಂಡೆ. ಎರಡನೇ ದಿನ ಒಂದು ಚೊಂಬು ಕೇಳಿದೆ, ಹೂವಿನ ಹೂಜಿ ಕೊಟ್ಟರು.

ಮಾರ್ಗರೆಟ್ ಅಜ್ಜಿ ಬೆಳಗ್ಗೆ ಮೆಟ್ಟಿಲ ಹತ್ತಿರ ಸಿಕ್ಕಾಗ “ಆಲ್ ರೈಟ್?” ಎಂದರು. ಇಷ್ಟು ಕಾಳಜಿಯಿಂದ ಕೇಳುತ್ತಿದ್ದಾರೆ, ಹೇಳದಿದ್ದರೆ ಹೇಗೆ ಎಂದು ನಾನು ಎಡ ಮಂಡಿ ಯಾವಾಗ ನೋವು ಶುರುವಾಯಿತು, ಬಸವೇಶ್ವರನಗರದ ಡಾಕ್ಟರು ಏನಂದರು, ಮೆಟ್ಟಿಲು ಹತ್ತುವಾಗ ಹೇಗೆ, ಇಳಿಯುವಾಗ ಹೇಗೆ, ಎಲ್ಲ ವಿವರಿಸಿದೆ. ಅಜ್ಜಿ ಟೀ ಕಪ್ಪು ಹಿಡಿದುಕೊಂಡು ಗಾಬರಿಯಾಗಿ ನಿಂತಿದ್ದರು. ಮಾರನೆಯ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ. ಬಸ್ಸಿನವನೂ ಅದನ್ನೇ ಕೇಳಿದ. ಬ್ರೆಡ್ಡು ಮಾರುವ ಹುಡುಗಿಯೂ ಕೇಳಿದಳು. ಯಾರಿಗೂ ಉತ್ತರ ಬೇಕಿರಲಿಲ್ಲ. ನನಗೆ ಬಹಳ ಸಿಟ್ಟು ಬಂತು. ಕೇಳುವ ಮನಸ್ಸಿಲ್ಲದಿದ್ದರೆ ಯಾಕೆ ಕೇಳಬೇಕು?

ಹರೀಶ್ ಸಾರ್ ನಕ್ಕರು. “ಮಿಸ್, ಅದು ಸುಮ್ನೆ ಕೇಳೋದು. ನಾವು ಊಟ ಆಯ್ತಾ ಅಂತ ಕೇಳಲ್ವಾ, ಹಂಗೆ.”

“ನಾನು ಊಟ ಆಯ್ತಾ ಅಂತ ಕೇಳಿದ್ರೆ, ಆಗಿಲ್ಲ ಅಂದವರಿಗೆ ಬಡಿಸ್ತೀನಿ ಸಾರ್,” ಎಂದೆ. ಅದು ನಿಜವೂ ಹೌದು.

ಸೋಮವಾರ, ಬಿಳಿ ಸ್ಲೇಟು

ಶಾಲೆಯಲ್ಲಿ ನಮ್ಮನ್ನು ನೋಡಿಕೊಳ್ಳಬೇಕಾದವರು ಹೆಲೆನ್ ಎಂಬ ಗಣಿತದ ಟೀಚರು. ನಲವತ್ತರ ಹೆಂಗಸು, ಗಿಡ್ಡ ಕೂದಲು, ಕೈತುಂಬ ಪೆನ್ನಿನ ಕಲೆ. ಎಂಟನೇ ತರಗತಿ, ಮೂವತ್ತು ಮಕ್ಕಳು, ಹನ್ನೆರಡು ಹದಿಮೂರರವರು. ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ನನ್ನ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಕೋಟು, ತಲೆಗೆ ಟೋಪಿ. ಮಕ್ಕಳು ಸಭ್ಯವಾಗಿ ತಿರುಗಿ ನೋಡಿ ಸಭ್ಯವಾಗಿ ನಕ್ಕರು.

ಹೆಲೆನ್ ಒಂದು ಬುಟ್ಟಿಯಿಂದ ಎರಡು ಅಂಗೈಯಷ್ಟಿದ್ದ ಬಿಳಿ ಹಲಗೆಗಳನ್ನು ಹಂಚಿದರು. ಜೊತೆಗೊಂದು ಪೆನ್ನು, ಒರೆಸಲು ಒಂದು ಬಟ್ಟೆ ಚೂರು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಮಕ್ಕಳು ಬರೆದರು. ಹೆಲೆನ್ ಮೂರರಿಂದ ಹಿಂದಕ್ಕೆ ಎಣಿಸಿ ‘ತೋರಿಸಿ’ ಎಂದರು. ಮೂವತ್ತು ಹಲಗೆ ಒಟ್ಟಿಗೆ ಮೇಲೆದ್ದವು.

ನಾನು ಸೀಟಿನಿಂದ ಎದ್ದೇಬಿಟ್ಟೆ. ಪಕ್ಕದಲ್ಲಿ ಹರೀಶ್ ಸಾರ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು.

“ಮಿಸ್, ಎಂಥ ಕಾನ್ಸೆಪ್ಟ್ ಅಲ್ವಾ? ಹಂಡ್ರೆಡ್ ಪರ್ಸೆಂಟ್ ಎಂಗೇಜ್‌ಮೆಂಟ್. ನೆಕ್ಸ್ಟ್ ಲೆವೆಲ್.”

“ಅದು ಸ್ಲೇಟು ಕಣ್ರೀ.”

“ಇಲ್ಲ ಮಿಸ್, ಇದು ಮಿನಿ ವೈಟ್‌ಬೋರ್ಡ್.”

“ನಾನು ಇಪ್ಪತ್ತು ವರ್ಷ ಮಾಡಿದ್ದು ಇದನ್ನೇ. ನೀವು ಹಳೇ ಪೇಪರ್‌ನವನಿಗೆ ಹಾಕಿದ್ರಲ್ಲ, ಅದೇ ಇದು.”

“ಅದು ಬೇರೆ ಮಿಸ್, ಇದಕ್ಕೆ ರಿಸರ್ಚ್ ಇದೆ,” ಎಂದು ಅವರು ಮತ್ತೆ ವಿಡಿಯೋಗೆ ತಿರುಗಿದರು. ನಾವು ಮಾಡಿದರೆ ಹಳ್ಳಿ ಶಾಲೆ, ಬಿಳಿಯರು ಮಾಡಿದರೆ ಕಾನ್ಸೆಪ್ಟು. ಮನೆಯ ಮಾವಿನ ಮರ ಕಡಿಸಿ, ಪರದೇಶಕ್ಕೆ ಹೋಗಿ ಡಬ್ಬಿಯ ಮಾವಿನ ರಸ ಕುಡಿದು ಆಹಾ ಎನ್ನುವ ಜನ.

ಬಿಡುವಿನಲ್ಲಿ ಹೆಲೆನ್‌ಗೆ ನನ್ನ ಸ್ಲೇಟಿನ ಕಥೆಯನ್ನೆಲ್ಲ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಸ್ಟಾಫ್ ರೂಮಿನ ಇಬ್ಬರು ತಿರುಗಿ ನೋಡಿದರು. ಹೆಲೆನ್ ಕಣ್ಣರಳಿಸಿ ಕೇಳಿಸಿಕೊಂಡು, ನಲವತ್ತು ಸ್ಲೇಟನ್ನು ಎಸೆದರಾ ಎಂದು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡರು. ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಆಮೇಲೆ ಅವರು ಬಿಸ್ಕತ್ತು ಮುರಿಯುತ್ತಾ ಕೇಳಿದರು:

“ತಪ್ಪು ಬರೆದವರನ್ನು ನೀವು ಏನು ಮಾಡುತ್ತಿದ್ದಿರಿ?”

“ನಿಲ್ಲಿಸುತ್ತಿದ್ದೆ.”

“ಯಾಕೆ?”

ಇದೆಂಥ ಪ್ರಶ್ನೆ? ತಪ್ಪು ಮಾಡಿದವರು ನಿಲ್ಲುತ್ತಾರೆ, ನಮ್ಮಲ್ಲಿ ಅದಕ್ಕೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಶಿಸ್ತು ಎಂದೋ ಏನೋ ಗೊಣಗಿದೆ. ಗಂಟೆ ಹೊಡೆಯಿತು. ಆ ‘ಯಾಕೆ’ ಮಾತ್ರ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಮೀನು ನಾನು ತಿನ್ನುವುದಿಲ್ಲ, ತಿಂದವರು ಹೇಳಿದ್ದು ಕೇಳಿದ್ದೇನೆ.

ಬುಧವಾರ, ಐಸ್ ಕ್ಯಾಂಡಿ ಕಡ್ಡಿ

ಹೆಲೆನ್ ಮೇಜಿನ ಮೇಲೆ ಒಂದು ಜಾಮ್ ಬಾಟಲಿ. ಅದರ ತುಂಬ ಐಸ್ ಕ್ಯಾಂಡಿ ಕಡ್ಡಿಗಳು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು. ಪ್ರಶ್ನೆ ಕೇಳಿ, ಸುಮ್ಮನೆ ನಿಂತು, ಆಮೇಲೆ ಕಡ್ಡಿ ಎತ್ತುತ್ತಾರೆ. ಹೆಸರು ಬಂದವರು ಹೇಳಬೇಕು. ಯಾರೂ ಕೈ ಎತ್ತುವ ಹಾಗಿಲ್ಲ.

ಆ ‘ಸುಮ್ಮನೆ ನಿಂತು’ ಎನ್ನುವುದು ನನಗೆ ಸಹಿಸಲಾಗಲಿಲ್ಲ. ಎಣಿಸಿದೆ. ಐದು, ಆರು, ಏಳು. ಎಂಟರ ತನಕ ಹೋಯಿತು. ನಮ್ಮ ಕ್ಲಾಸಿನಲ್ಲಿ ಮೂರು ಸೆಕೆಂಡು ಮೌನವಾದರೆ ಕರೆಂಟು ಹೋಯಿತೇನೋ ಎಂದು ಮೇಲೆ ನೋಡುತ್ತೇವೆ. ನಾನು ಪ್ರಶ್ನೆ ಕೇಳಿದ ಕೂಡಲೇ ಮೊದಲ ಬೆಂಚಿನ ಐದು ಕೈ ಏಳುತ್ತವೆ, ಅವರಲ್ಲೊಬ್ಬರು ಹೇಳುತ್ತಾರೆ, ನಾನು ಭೇಷ್ ಎನ್ನುತ್ತೇನೆ, ಪಾಠ ಮುಂದಕ್ಕೆ ಓಡುತ್ತದೆ. ಆ ಐದು ಜನರ ಜೊತೆ ನಾನು ಇಪ್ಪತ್ತೇಳು ವರ್ಷ ಹರಟೆ ಹೊಡೆದಿದ್ದೇನೆ ಎಂದು ಅಲ್ಲಿ ಕೂತಾಗ ಅನ್ನಿಸಿತು. ಅನ್ನಿಸಿದ್ದಕ್ಕೆ ಹೆಲೆನ್ ಮೇಲೆಯೇ ಸಿಟ್ಟು ಬಂತು.

ಇನ್ನೊಂದು ವಿಚಿತ್ರ. ಪ್ರತಿ ಮಗುವಿನ ಮುಂದೆ ಹಸಿರು, ಹಳದಿ, ಕೆಂಪು ಪ್ಲಾಸ್ಟಿಕ್ ಲೋಟಗಳು ಒಂದರೊಳಗೊಂದು. ಪಾಠ ತಿಳಿಯುತ್ತಿದ್ದರೆ ಹಸಿರನ್ನು ಮೇಲಿಡಬೇಕು, ಅನುಮಾನವಿದ್ದರೆ ಹಳದಿ, ಏನೂ ತಿಳಿಯದಿದ್ದರೆ ಕೆಂಪು. ಕಿಟಕಿ ಪಕ್ಕದ ಒಬ್ಬ ಹುಡುಗಿ ಒಂದೇ ಪೀರಿಯಡ್ಡಿನಲ್ಲಿ ಮೂರು ಸಲ ಕೆಂಪು ಇಟ್ಟಳು. ಮೂರು ಸಲವೂ ಹೆಲೆನ್ ಅವಳ ಪಕ್ಕ ಮಂಡಿಯೂರಿ ಕೂತು ಮಾತಾಡಿದರು. ಯಾರೂ ನಗಲಿಲ್ಲ, ಆ ಹುಡುಗಿಗೆ ನಾಚಿಕೆಯೂ ಇದ್ದಂತೆ ಕಾಣಲಿಲ್ಲ. ನಮ್ಮಲ್ಲಿ ಕೆಂಪು ಲೋಟ ಇಟ್ಟ ಮಗುವಿನ ಮನೆಗೆ ಡೈರಿಯಲ್ಲಿ ನೋಟ್ ಹೋಗುತ್ತದೆ.

ಹರೀಶ್ ಸಾರ್ ಲೋಟಗಳ ಫೋಟೋ ತೆಗೆದುಕೊಂಡು, ಇದರಲ್ಲಿ ನಮ್ಮ ಶಾಲೆಯ ಲೋಗೋ ಹಾಕಿಸಬಹುದು ಎಂದರು.

ಗುರುವಾರ, ನನ್ನ ಪಾಠ

ಒಂದು ಪಾಠ ನೀವೂ ಮಾಡಿ ಎಂದು ಹೆಲೆನ್ ಕೇಳಿದಾಗ ನನಗೆ ಒಳಗೊಳಗೇ ಖುಷಿ. ತೋರಿಸುತ್ತೇನೆ ಇವರಿಗೆ, ವಿಜಯನಗರದ ಗಣಿತ ಎಂದರೇನು ಅಂತ. ಋಣಸಂಖ್ಯೆಗಳ ಪಾಠ. ನಿದ್ದೆಯಲ್ಲೂ ಮಾಡಬಲ್ಲೆ. ಎರಡು ಮೈನಸ್ ಸೇರಿದರೆ ಪ್ಲಸ್, ಒಂದು ಪ್ಲಸ್ ಒಂದು ಮೈನಸ್ ಸೇರಿದರೆ ಮೈನಸ್. ತಾಳ ಹಾಕಿಸಿ ಹೇಳಿಸಿದೆ. ಬೋರ್ಡಿನ ಮೇಲೆ ಆರು ಲೆಕ್ಕ ಮುತ್ತಿನಂತೆ ಬಿಡಿಸಿದೆ. ಇಪ್ಪತ್ತು ನಿಮಿಷಕ್ಕೆ ಪಾಠ ಮುಗಿಸಿ, ಸೆರಗು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಕೇಳಿದೆ, ಎಲ್ಲರಿಗೂ ಅರ್ಥವಾಯಿತಾ?

ನಮ್ಮಲ್ಲಾದರೆ ನಲವತ್ತು ಗಂಟಲು ಒಟ್ಟಿಗೆ ‘ಆಯ್ತು ಮಿಸ್’ ಎನ್ನುತ್ತವೆ. ಅದೊಂದು ಮಂಗಳಾರತಿ ಇದ್ದ ಹಾಗೆ, ಅದಾಗದೆ ಪೂಜೆ ಮುಗಿಯುವುದಿಲ್ಲ. ಇಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಮತ್ತೆ ಕೇಳಿದೆ. ಕಿಟಕಿ ಪಕ್ಕದ ಕೆಂಪು ಲೋಟದ ಹುಡುಗಿ “ಇಲ್ಲ ಮಿಸ್” ಎಂದಳು. ಅಷ್ಟು ನೇರವಾಗಿ, ಮುಖಕ್ಕೇ. ಇಪ್ಪತ್ತೇಳು ವರ್ಷದಲ್ಲಿ ನನಗೆ ಹಾಗೆ ಯಾರೂ ಹೇಳಿರಲಿಲ್ಲ.

ಬಿಳಿ ಸ್ಲೇಟು ಹಂಚಿಸಿದೆ. ಮೈನಸ್ ನಾಲ್ಕು, ಅದರಿಂದ ಮೂರು ಕಳೆ, ಎಂದು ಬರೆದೆ. ಮೂರರಿಂದ ಹಿಂದಕ್ಕೆ ಎಣಿಸಿ ತೋರಿಸಿ ಎಂದೆ. ಉತ್ತರ ಮೈನಸ್ ಏಳು ಬರಬೇಕು. ಮೂವತ್ತರಲ್ಲಿ ಇಪ್ಪತ್ತೆರಡು ಹಲಗೆಯ ಮೇಲೆ ಬರೀ ಏಳು ಇತ್ತು.

ಏಳಿ ಎಲ್ಲರೂ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಇಪ್ಪತ್ತೆರಡು ಜನರನ್ನು ನಿಲ್ಲಿಸಿದರೆ ಕೂರುವವರು ಯಾರು? ಹೆಲೆನ್ ಹಿಂದಿನಿಂದ ಬಂದು, ಒಬ್ಬ ಹುಡುಗನ ಹಲಗೆ ತೋರಿಸಿ, ಇದು ಹೇಗೆ ಬಂತು ಹೇಳಪ್ಪಾ ಎನ್ನುವ ಹಾಗೆ ಕೇಳಿದರು. ಅವನು ಒಂದು ಮೈನಸ್ ತೋರಿಸಿದ, ಇನ್ನೊಂದು ಮೈನಸ್ ತೋರಿಸಿದ.

“ಎರಡು ಮೈನಸ್ ಸೇರಿದರೆ ಪ್ಲಸ್. ಮಿಸ್ ಹೇಳಿದರಲ್ಲ.”

ಹೌದು, ಹೇಳಿದ್ದೆ. ತಾಳ ಹಾಕಿಸಿ ಹೇಳಿಸಿದ್ದೆ. ಹುಡುಗ ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದ್ದ. ಗುಣಿಸುವಾಗ ಆ ಮಾತು ಹೊಂದುತ್ತದೆ, ಹೀಗೆ ಕಳೆಯುತ್ತಾ ಹೋಗುವಾಗ ಹೊಂದುವುದಿಲ್ಲ ಎಂದು ನಾನು ಹೇಳಿರಲೇ ಇಲ್ಲ.

ಹೆಲೆನ್ ನನ್ನನ್ನು ಪಕ್ಕಕ್ಕೆ ಸರಿಸಲಿಲ್ಲ, ಹುಡುಗನನ್ನೂ ಬೈಯಲಿಲ್ಲ. ಕಿಟಕಿಯ ಹೊರಗಿನ ಹಿಮ ತೋರಿಸಿ, ಹೊರಗೆ ಮೈನಸ್ ನಾಲ್ಕು ಡಿಗ್ರಿ ಇದೆ, ಚಳಿ ಇನ್ನೂ ಮೂರು ಡಿಗ್ರಿ ಹೆಚ್ಚಾಯಿತು, ಈಗ ಎಷ್ಟು ಎಂದರು. ಅರ್ಧ ಕ್ಲಾಸು ಹಲಗೆ ಒರೆಸಿಕೊಂಡಿತು.

ಪೀರಿಯಡ್ಡಿನ ಕೊನೆಗೆ ಅಲ್ಲಿ ಒಂದು ಪದ್ಧತಿ. ಪ್ರತಿ ಮಗುವೂ ಬಾಗಿಲು ದಾಟುವ ಮುಂಚೆ ಒಂದು ಚೀಟಿಯಲ್ಲಿ, ಇವತ್ತು ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಒಂದೆರಡು ಸಾಲು ಬರೆದು ಕೊಡಬೇಕು. ನನ್ನ ಪಾಠದ ಮೂವತ್ತು ಚೀಟಿಗಳನ್ನು ಅಂದು ಮಾರ್ಗರೆಟ್ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಓದಿದೆ. ಕೆಂಪು ಲೋಟದ ಹುಡುಗಿ ಬರೆದಿದ್ದಳು: ‘ಅರ್ಥವಾಯಿತಾ ಎಂದು ಕೇಳಿದಿರಿ. ಯಾವುದು ಅಂತ ಕೇಳಲಿಲ್ಲ.’

ಅಜ್ಜಿ ಒಳಗೆ ಬಂದು ಎಂದಿನಂತೆ ಆಲ್ ರೈಟಾ ಎಂದರು. ನನಗೆ ತಕ್ಷಣ ಹೊಳೆಯಿತು. ನನ್ನ ‘ಅರ್ಥ ಆಯ್ತಾ’ ಕೂಡ ಇದೇ. ಉತ್ತರ ಬೇಡದ ಪ್ರಶ್ನೆ. ಮಂಡಿನೋವು ಹೇಳಿಕೊಂಡವರನ್ನು ಗಾಬರಿಯಿಂದ ನೋಡುವ ಪ್ರಶ್ನೆ.

ಶುಕ್ರವಾರ, ಬಸ್ಸಿನಲ್ಲಿ

ಆ ಊರಿನಲ್ಲಿ ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಬಿ.ಎಂ.ಟಿ.ಸಿ. ಬಸ್ಸಿನಿಂದ ಸೆರಗು, ಚೀಲ, ಚಪ್ಪಲಿ ಮೂರೂ ಸಮೇತ ಇಳಿದರೆ ದೇವರಿಗೆ ಹೇಳುತ್ತೇವೆ. ಕೊನೆಯ ದಿನ ನಾನೂ ಹೇಳಬೇಕೆಂದು ಕಾದಿದ್ದವಳು ಹೇಳದೆ ಇಳಿದುಬಿಟ್ಟೆ, ಅದೂ ಎರಡು ಸ್ಟಾಪು ಮುಂದೆ ಹೋಗಿ. ತಲೆಯಲ್ಲಿ ರೇಣುಕಾ ಕೂತಿದ್ದಳು.

ಆರನೇ ತರಗತಿಯ ಮೊದಲ ತಿಂಗಳು ಅವಳು ದಿನಾ ನಿಲ್ಲುತ್ತಿದ್ದಳು. ಸ್ಲೇಟು ತಪ್ಪು, ನಿಲ್ಲು. ಸ್ಲೇಟು ತಪ್ಪು, ನಿಲ್ಲು. ಎರಡನೇ ತಿಂಗಳಿಗೆ ಅವಳ ಸ್ಲೇಟೆಲ್ಲ ಸರಿ ಬರತೊಡಗಿತು. ಹೊಸ ಊರಿಗೆ, ಇಂಗ್ಲಿಷಿಗೆ ಒಗ್ಗಿದಳು ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅವಳ ಸ್ಲೇಟು ಯಾವಾಗಲೂ ಉಳಿದವುಗಳಿಗಿಂತ ಒಂದು ಕ್ಷಣ ತಡವಾಗಿ ಏಳುತ್ತಿತ್ತು. ಅದು ಪಕ್ಕದವಳದನ್ನು ನೋಡಿ ಬರೆಯಲು ಬೇಕಾದ ಕ್ಷಣ. ನೋಡಿದ್ದೆ. ನೋಡಿ, ಪಾಪ ನಿಧಾನ ಎಂದುಕೊಂಡಿದ್ದೆ. ನಿಲ್ಲುವ ಅವಮಾನ ತಪ್ಪಿಸಿಕೊಳ್ಳಲು ಆ ಮಗು ಕಲಿತದ್ದು ಗಣಿತವನ್ನಲ್ಲ, ಕದ್ದು ನೋಡುವುದನ್ನು. ಕಲಿಸಿದವಳು ನಾನು. ಈಗ ‘ಬುನಾದಿ ಇಲ್ಲ’ ಎಂದು ಬರೆದವಳೂ ನಾನೇ.

ಛೇರ್ಮನ್ನರ ಶ್ರೀಮತಿ, ಹರೀಶ್ ಸಾರ್, ಇಂಗ್ಲೆಂಡಿನ ನಲ್ಲಿ, ಎಲ್ಲರ ಮೇಲೂ ವಾರವಿಡೀ ಹರಿದಾಡಿದ ಸಿಟ್ಟು ಅಲ್ಲಿಗೆ ನನ್ನ ಮನೆಗೇ ಬಂದು ಕೂತಿತು. ನಾಚಿಕೆಯಾಯಿತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡೆ. ಹಾದುಹೋಗುತ್ತಿದ್ದ ಒಬ್ಬರು ಆಲ್ ರೈಟಾ ಎಂದರು. ಇಲ್ಲ ಎಂದೆ. ಅವರು ನಿಜವಾಗಿಯೂ ನಿಂತು, ಚೀಲದಿಂದ ಟಿಶ್ಯೂ ತೆಗೆದುಕೊಟ್ಟು ಹೋದರು.

ಅಲ್ಲಿಂದಲೇ ಹೆಡ್‌ಮಾಸ್ಟರಿಗೆ ವಾಟ್ಸಾಪ್ ಮಾಡಿದೆ: ‘ಸಾರ್, ನಾನು ಬರುವವರೆಗೆ ಆ ನಾಲ್ಕು ಮಕ್ಕಳ ಮನೆಗೆ ಏನೂ ಹೇಳಬೇಡಿ.’ ಒಂದು ಹೆಬ್ಬೆರಳಿನ ಚಿತ್ರ ಬಂತು.

ಮತ್ತೆ ವಿಜಯನಗರ

ಭಾನುವಾರ ಮಧ್ಯಾಹ್ನ ಬಂದಿಳಿದೆ. ಸಂಜೆ ಮಾರ್ಕೆಟ್ ರಸ್ತೆಯ ಹಳೇ ಅಂಗಡಿಗೆ ಹೋಗಿ ಒಂದು ಸ್ಲೇಟು ಕೇಳಿದೆ. ಅಂಗಡಿಯವನು ಮೇಲಿನ ಹಲಗೆಯಿಂದ ಧೂಳು ಕೊಡವಿ ತೆಗೆದ.

“ಅಕ್ಷರಾಭ್ಯಾಸಕ್ಕಾ ಮೇಡಂ? ಈಗೆಲ್ಲ ಅದಕ್ಕೇ ತಗೊಳೋದು.”

ಹೂಂ ಎಂದೆ.

ಸೋಮವಾರ ಗೇಟಿನ ಒಳಗೆ ಕಾಲಿಟ್ಟರೆ ಆಫೀಸಿನ ಮುಂದೆ ರೇಣುಕಾಳ ಅಪ್ಪ ನಿಂತಿದ್ದಾರೆ. ರಾತ್ರಿ ಪಾಳಿಯ ನೀಲಿ ಯೂನಿಫಾರಂ ಇನ್ನೂ ಮೈಮೇಲಿತ್ತು. ನಾಲ್ವರ ಮನೆಯವರ ಪೈಕಿ ಮೊದಲು ಬಂದವರು ಅವರೇ.

“ನಮಸ್ಕಾರ್ರೀ ಟೀಚರ್. ಹೆಡ್‌ಮಾಸ್ತರು ಶನಿವಾರ ಫೋನ್ ಮಾಡಿ ಬರ್ಲಾಕ ಹೇಳ್ಯಾರ್ರೀ. ಟಿ.ಸಿ. ವಿಷಯ ಅಂದ್ರು. ನಮ್ ಹುಡುಗಿ ಏನರ ತಪ್ಪು ಮಾಡ್ಯಾಳೇನ್ರೀ?”

ಆ ಹೆಬ್ಬೆರಳಿನ ಅರ್ಥ ಆಗ ತಿಳಿಯಿತು. “ಅವಳೇನೂ ತಪ್ಪು ಮಾಡಿಲ್ಲಪ್ಪ. ಒಂದು ಗಂಟೆ ಇಲ್ಲೇ ಕೂತಿರಿ, ನಾನು ಬರ್ತೀನಿ,” ಎಂದು ಒಂಬತ್ತನೇ ತರಗತಿಗೆ ಹೋದೆ.

ಎಲ್ಲರಿಗೂ ಒಂದೊಂದು ಚೀಟಿ ಹಂಚಿದೆ. ಗಣಿತದಲ್ಲಿ ನಿಮಗೆ ಎಲ್ಲಿಂದ ತಿಳಿದಿಲ್ಲ, ಬರೆಯಿರಿ, ಯಾವ ಭಾಷೆಯಲ್ಲಾದರೂ ಸರಿ, ಯಾರನ್ನೂ ನಿಲ್ಲಿಸುವುದಿಲ್ಲ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ನಂಬಲಿಲ್ಲ. ನಾನು ಸುಮ್ಮನೆ ನಿಂತೆ. ಎಂಟು ಸೆಕೆಂಡಲ್ಲ, ಪೂರಾ ಎರಡು ನಿಮಿಷ. ಕೊನೆಗೆ ಪೆನ್ನುಗಳು ಅಲುಗಿದವು.

ರೇಣುಕಾಳ ಚೀಟಿಯಲ್ಲಿ ಹೀಗಿತ್ತು: ‘ಆರನೇ ಕ್ಲಾಸಿಂದ. ಎರಡು ಮೈನಸ್ ಇದ್ರ ಪ್ಲಸ್ ಅಂತ ನೀವ ಹೇಳಿದ್ರಿ ಮಿಸ್. ನಾ ಹಂಗ ಮಾಡೀನಿ. ಯಾಕ ತಪ್ಪು ಹಾಕ್ತೀರಿ ತಿಳೀಲಿಲ್ಲ.’

ಮೂರು ವರ್ಷ. ಆ ಹುಡುಗಿಯ ಉತ್ತರಪತ್ರಿಕೆಗಳ ಮೇಲೆ ಮೂರು ವರ್ಷ ನಾನು ಹಾಕಿದ ಕೆಂಪು ಗುರುತುಗಳೆಲ್ಲ ಕಣ್ಣಮುಂದೆ ಬಂದವು. ಅವಳ ಬೆಂಚಿನ ಹತ್ತಿರ ಹೋಗಿ, ಮಂಡಿಯೂರಲು ನನ್ನ ಕಾಲು ಬಿಡದೆ, ಪಕ್ಕದಲ್ಲೇ ತುರುಕಿಕೊಂಡು ಕೂತೆ.

“ನಿಮ್ಮಪ್ಪ ಕೆಲಸ ಮಾಡೋ ಕಡೆ ನೆಲದ ಕೆಳಗೆ ಪಾರ್ಕಿಂಗ್ ಇದೆಯಾ?”

“ಅದ ರೀ ಮಿಸ್. ಮೂರು ಅದಾವು. ಲಿಫ್ಟಿನಾಗ ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು ಅಂತ ಬರ್ದಾರ.”

“ನೀನು ಮೈನಸ್ ಒಂದರಲ್ಲಿದೀಯ. ಇನ್ನೂ ಎರಡು ಮಹಡಿ ಇಳಿದೆ. ಎಲ್ಲಿಗೆ ಬಂದೆ? ಮೇಲಕ್ಕೆ, ಮೂರನೇ ಮಹಡಿಗೆ ಬಂದೆಯಾ?”

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಮ್ಯಾಲ ಹ್ಯಾಂಗ ಬರ್ತದ್ರೀ? ಇನ್ನಾ ಕೆಳಗ ಹೋಗ್ತದ. ಮೈನಸ್ ಮೂರು.” ಹೇಳಿ ಮುಗಿಸಿದವಳು ಬಾಯಿ ಹಾಗೇ ತೆರೆದುಕೊಂಡು ತನ್ನ ನೋಟ್ ಪುಸ್ತಕದ ಕಡೆ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿ ತಿದ್ದತೊಡಗಿದಳು. ಪಟ್ಟಿಯಲ್ಲಿದ್ದ ಉಳಿದ ಮೂವರ ಚೀಟಿಗಳಲ್ಲೂ ಇಂಥದೇ ಒಂದೊಂದು ಗಂಟು ಇತ್ತು, ಒಂದೊಂದೂ ನನ್ನದೇ ಯಾವುದೋ ಪಾಠದಲ್ಲಿ ಬಿದ್ದದ್ದು.

ನಾಲ್ಕು ಚೀಟಿ, ಒಂದು ಸ್ಲೇಟು ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರ ಮುಂದೆ ಪಟ್ಟಿ ಸಿದ್ಧವಾಗಿತ್ತು, ಪಕ್ಕದಲ್ಲಿ ಹರೀಶ್ ಸಾರ್ ಲ್ಯಾಪ್‌ಟಾಪಿನಲ್ಲಿ ಇಂಗ್ಲೆಂಡಿನ ಸ್ಲೈಡ್ ತೋರಿಸುತ್ತಿದ್ದರು. ಪಟ್ಟಿ ಎಳೆದುಕೊಂಡು, ‘ಬುನಾದಿ ಇಲ್ಲ’ ಎಂಬುದನ್ನು ನಾಲ್ಕೂ ಕಡೆ ಹೊಡೆದುಹಾಕಿ, ‘ನಾನು ಸರಿಯಾಗಿ ಕಲಿಸಿಲ್ಲ’ ಎಂದು ಬರೆದು ಸೈನ್ ಹಾಕಿದೆ.

“ಏನ್ ಮಿಸ್ ಇದು? ಇದನ್ನ ಮ್ಯಾನೇಜ್‌ಮೆಂಟ್‌ಗೆ ಹೆಂಗ್ ಕಳಿಸ್ಲಿ?”

“ಹಂಗೇ ಕಳಿಸಿ ಸಾರ್. ಟಿ.ಸಿ. ಕೊಡಬೇಕಿದ್ರೆ ನನಗೆ ಕೊಡಿ. ಮಕ್ಕಳು ಇಲ್ಲೇ ಹತ್ತನೇ ಕ್ಲಾಸ್ ಓದ್ತಾರೆ. ದಿನಾ ಸ್ಕೂಲ್ ಬಿಟ್ಟ ಮೇಲೆ ಒಂದು ಗಂಟೆ ನಾನು ಕೂರಿಸ್ಕೋತೀನಿ. ರೇಣುಕಾಳ ಅಪ್ಪ ಹೊರಗೆ ಕೂತಿದಾರೆ, ಅವರಿಗೆ ಇದನ್ನ ನೀವೇ ಹೇಳ್ಬೇಕು.”

ಚೀಟಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಇಂಗ್ಲೆಂಡಿನಲ್ಲಿ ಇಪ್ಪತ್ತೆರಡು ಹಲಗೆ ತಪ್ಪಿದ್ದನ್ನೂ ಮುಚ್ಚಿಡಲಿಲ್ಲ. ಹರೀಶ್ ಸಾರ್ ಲ್ಯಾಪ್‌ಟಾಪು ಮೆಲ್ಲಗೆ ಮುಚ್ಚಿದರು. ಹೆಡ್‌ಮಾಸ್ಟರು ಕೈಗಡಿಯಾರ ನೋಡಿಕೊಂಡು, ತಲೆಯಾಡಿಸಿ, ಪಟ್ಟಿಯನ್ನು ಒಳಗೆ ಹಾಕಲು ಮೇಜಿನ ಖಾನೆ ಎಳೆದರು.

“ಆಯ್ತು ಮಿಸ್, ಅರ್ಥ ಆಯ್ತು ಬಿಡಿ.”

ನಾನು ಸ್ಲೇಟನ್ನೂ ಬಳಪವನ್ನೂ ಅವರ ಮುಂದಿಟ್ಟೆ.

“ಏನು ಅರ್ಥ ಆಯ್ತು ಅಂತ ಬರೆದು ತೋರಿಸಿ ಸಾರ್.”

ಅವರು ನಗಲು ನೋಡಿದರು. ನಾನು ನಗಲಿಲ್ಲ. ಅವರು ಬಳಪ ಎತ್ತಿಕೊಂಡು ‘ನೋಡೋಣ’ ಎಂದು ಬರೆದು ನನ್ನ ಕಡೆ ತಿರುಗಿಸಿದರು. ತಪ್ಪು ಬರೆದವರನ್ನು ಬೈಯಬಾರದು ಎಂದು ಕಲಿತು ಬಂದಿದ್ದೆ. ಬೈಯಲಿಲ್ಲ. ಸೆರಗಿನ ತುದಿಯಿಂದ ಸ್ಲೇಟು ಒರೆಸಿ ವಾಪಸು ಕೊಟ್ಟೆ. ಸುಮ್ಮನೆ ನಿಂತೆ. ಬಾಗಿಲ ಸಂದಿಯಲ್ಲಿ ನೀಲಿ ಯೂನಿಫಾರಂ ಕಾಣುತ್ತಿತ್ತು. ಐದು, ಆರು, ಏಳು, ಎಂಟು. ಹೆಡ್‌ಮಾಸ್ಟರು ಒಂದು ಸಲ ಬಾಗಿಲ ಕಡೆ ನೋಡಿ, ಬಳಪ ಒತ್ತಿ ಹಿಡಿದು, ಮತ್ತೆ ಬರೆದರು.

‘ನಾಲ್ಕೂ ಜನ ಹತ್ತಕ್ಕೆ, ಇಲ್ಲೇ.’

“ಎತ್ತಿ ಸಾರ್,” ಎಂದೆ, “ರೇಣುಕಾಳ ಅಪ್ಪನಿಗೆ ಕಾಣೋ ಹಾಗೆ.”